ಸೋತ ದಿನ ಮುಂದೆ, ಗೆದ್ದ ದಿನ ಹಿಂದೆ ನಿಂತ ಸತೀಶ್ ಧವನ್

ಶ್ರೀಹರಿಕೋಟಾದಿಂದ ರಾಕೆಟ್ ಹಾರಿದಾಗಲೆಲ್ಲ ಟಿವಿಯಲ್ಲಿ ಒಂದು ಹೆಸರು ಕೇಳಿಬರುತ್ತದೆ. ಸತೀಶ್ ಧವನ್ ಬಾಹ್ಯಾಕಾಶ ಕೇಂದ್ರ. ಕೇಂದ್ರದ ಹೆಸರು ಎಲ್ಲರ ಬಾಯಲ್ಲಿದೆ, ಆದರೆ ಆ ಹೆಸರಿನ ಮನುಷ್ಯನ ಕಥೆ ಹೊಸ ತಲೆಮಾರಿಗೆ ಅಷ್ಟಾಗಿ ತಿಳಿದಿಲ್ಲ. ಕಾಶ್ಮೀರದಲ್ಲಿ ಹುಟ್ಟಿ, ಲಾಹೋರಿನಲ್ಲಿ ಓದಿ, ಬೆಂಗಳೂರಿನಲ್ಲಿ ಅರ್ಧ ಶತಮಾನ ದುಡಿದ ಈ ಮೇಷ್ಟ್ರು ಭಾರತದ ಬಾಹ್ಯಾಕಾಶ ಸಂಸ್ಥೆಯನ್ನು 12 ವರ್ಷ ಮುನ್ನಡೆಸಿದರು. ದೇಶದ ಮೊದಲ ಉಪಗ್ರಹ ವಾಹನ ಬಂಗಾಳ ಕೊಲ್ಲಿಗೆ ಬಿದ್ದ ದಿನ ಜನರ ಮುಂದೆ ನಿಂತು ಉತ್ತರ ಕೊಟ್ಟವರೂ ಇವರೇ.

ಲಾಹೋರಿನಿಂದ ಬೆಂಗಳೂರಿಗೆ

ಧವನ್ ಹುಟ್ಟಿದ್ದು 1920ರ ಸೆಪ್ಟೆಂಬರ್ 25ರಂದು, ಶ್ರೀನಗರದಲ್ಲಿ. ಓದಿದ್ದು ಆಗ ಅಖಂಡವಾಗಿದ್ದ ಪಂಜಾಬಿನ ಲಾಹೋರಿನಲ್ಲಿ. ಅವರು ಪಡೆದ ಪದವಿಗಳ ಪಟ್ಟಿಯೇ ವಿಚಿತ್ರ. ಮೊದಲು ಗಣಿತ ಮತ್ತು ಭೌತವಿಜ್ಞಾನದಲ್ಲಿ ಬಿ.ಎ., ಆಮೇಲೆ ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ., ಅದರ ಮೇಲೆ ಮೆಕ್ಯಾನಿಕಲ್ ಎಂಜಿನಿಯರಿಂಗ್. ಲೆಕ್ಕ ಮಾಡುವ ಕೈ, ಕವಿತೆ ಓದುವ ಮನಸ್ಸು, ಯಂತ್ರ ಬಿಚ್ಚಿ ನೋಡುವ ಬುದ್ಧಿ ಮೂರೂ ಒಬ್ಬರಲ್ಲೇ ಕೂಡಿದ್ದವು.

ಎಂಜಿನಿಯರಿಂಗ್ ಮುಗಿಸಿದ ಮೇಲೆ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಒಂದಷ್ಟು ಕಾಲ ಕೆಲಸ ಮಾಡಿ, 1946ರಲ್ಲಿ ಅಮೆರಿಕಕ್ಕೆ ಹೋದರು. ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಮುಗಿಸಿ, ಕ್ಯಾಲಿಫೋರ್ನಿಯಾದ ಹೆಸರಾಂತ ಕ್ಯಾಲ್ಟೆಕ್ ಸಂಸ್ಥೆಯಲ್ಲಿ ಹ್ಯಾನ್ಸ್ ಲೀಪ್‌ಮನ್ ಅವರ ಬಳಿ ಸಂಶೋಧನೆ ಮಾಡಿ 1951ರಲ್ಲಿ ಪಿಎಚ್.ಡಿ. ಪಡೆದರು. ಅವರು ದೂರದಲ್ಲಿದ್ದಾಗಲೇ ದೇಶ ಎರಡಾಯಿತು. ಓದಿದ ಊರು ಬೇರೆ ದೇಶದ ಪಾಲಾಯಿತು. ಗಡಿಗೆರೆ ಎಳೆದಾಗ ಊರು, ಭಾಷೆ, ನೆಂಟಸ್ತಿಕೆ ಹೇಗೆ ಹಂಚಿಹೋಗುತ್ತವೆ ಎಂಬುದನ್ನು ಗಡಿನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ.

1951ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಬೆಂಗಳೂರಿನ ಹಳಬರು ಈಗಲೂ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವುದು ಇದನ್ನೇ. ವಿಮಾನ ಎಂಜಿನಿಯರಿಂಗ್ ವಿಭಾಗದಲ್ಲಿ ಸಣ್ಣ ಹುದ್ದೆಯಿಂದ ಶುರುಮಾಡಿದ ಧವನ್ 1955ರಲ್ಲಿ ಆ ವಿಭಾಗದ ಮುಖ್ಯಸ್ಥರಾದರು. 1962ರಲ್ಲಿ ಇಡೀ ಸಂಸ್ಥೆಯ ನಿರ್ದೇಶಕರಾದರು. 1981ರವರೆಗೆ, ಅಂದರೆ ಸುಮಾರು 19 ವರ್ಷ ಆ ಕುರ್ಚಿಯಲ್ಲಿದ್ದರು. ಅಷ್ಟು ದೀರ್ಘ ಕಾಲ ಆ ಸಂಸ್ಥೆಯನ್ನು ನಡೆಸಿದವರು ಇನ್ನೊಬ್ಬರಿಲ್ಲ.

ಶಬ್ದಕ್ಕಿಂತ ವೇಗವಾಗಿ ಗಾಳಿ ಹಾಯಿಸಿ ವಿಮಾನ, ರಾಕೆಟ್‌ಗಳ ಚಿಕ್ಕ ಮಾದರಿಗಳನ್ನು ಪರೀಕ್ಷಿಸುವ ಗಾಳಿ ಸುರಂಗವನ್ನು ಧವನ್ ಮತ್ತು ಅವರ ವಿದ್ಯಾರ್ಥಿಗಳು ಅಲ್ಲೇ ಕಟ್ಟಿದರು. ಮೊದಲನೆಯದು ಅಂಗೈಯಲ್ಲಿ ಮುಚ್ಚಬಹುದಾದಷ್ಟು ಚಿಕ್ಕ ಬಾಯಿಯದು, ಒಂದು ಇಂಚು ಅಗಲ, ಮೂರು ಇಂಚು ಎತ್ತರ. ದೊಡ್ಡ ಯಂತ್ರ ಹೊರದೇಶದಿಂದ ಬರಲಿ ಎಂದು ಕಾಯುತ್ತ ಕೂರದೆ, ಕೈಗೆ ಸಿಕ್ಕಿದ್ದರಿಂದ ಕಟ್ಟಿ ಕಲಿಯುವುದು ಅವರ ಪಾಠದ ರೀತಿಯಾಗಿತ್ತು. ಹಾಗೆ ಕಲಿತವರಲ್ಲಿ ಒಬ್ಬರು ಮುಂದೆ ದೊಡ್ಡ ವಿಜ್ಞಾನಿ ಎನಿಸಿದ ರೊದ್ದಂ ನರಸಿಂಹ. ಅವರ ಹೆಸರಿನ ಮೊದಲಿಗಿರುವ ರೊದ್ದಂ ನಮ್ಮ ಮಡಕಶಿರಾ, ಪೆನುಕೊಂಡ ಸೀಮೆಯ ಊರು. ಅವರ ತಂದೆ ಆರ್.ಎಲ್. ನರಸಿಂಹಯ್ಯ ಕನ್ನಡದಲ್ಲಿ ವಿಜ್ಞಾನ ಪುಸ್ತಕಗಳನ್ನು ಬರೆದು ಹೆಸರಾದವರು.

ಎರಡು ಷರತ್ತು

1971ರ ಡಿಸೆಂಬರ್ 30ರಂದು ಕೇರಳದ ಕೋವಳಂನಲ್ಲಿ ವಿಕ್ರಂ ಸಾರಾಭಾಯಿ ಹಠಾತ್ತನೆ ತೀರಿಕೊಂಡರು. ಭಾರತದ ಬಾಹ್ಯಾಕಾಶ ಕಾರ್ಯಕ್ರಮಕ್ಕೆ ಅಡಿಪಾಯ ಹಾಕಿದವರೇ ಇಲ್ಲವಾದರು. ಆಗ ಧವನ್ ರಜೆಯ ಮೇಲೆ ಕ್ಯಾಲ್ಟೆಕ್‌ನಲ್ಲಿ ಪಾಠ, ಸಂಶೋಧನೆಯಲ್ಲಿದ್ದರು. ಪ್ರಧಾನಿ ಇಂದಿರಾ ಗಾಂಧಿ ಅವರನ್ನು ಕರೆಸಿ ಇಸ್ರೋದ ಹೊಣೆ ಹೊರುವಂತೆ ಕೇಳಿದರು.

ಧವನ್ ಎರಡು ಷರತ್ತು ಇಟ್ಟರು. ಇಸ್ರೋದ ಮುಖ್ಯ ಕಚೇರಿ ಬೆಂಗಳೂರಿನಲ್ಲಿರಬೇಕು. ತಾವು ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿಯೂ ಮುಂದುವರಿಯಬೇಕು. ಪ್ರಧಾನಿ ಎರಡನ್ನೂ ಒಪ್ಪಿದರು. ಅವರು ಬರುವವರೆಗೆ ಎಂ.ಜಿ.ಕೆ. ಮೆನನ್ ಕೆಲವು ತಿಂಗಳು ಹೊಣೆ ನೋಡಿಕೊಂಡರು. 1972ರ ಸೆಪ್ಟೆಂಬರಿನಲ್ಲಿ ಧವನ್ ಅಧಿಕಾರ ವಹಿಸಿಕೊಂಡರು. ಇಂದು ಇಸ್ರೋ ಎಂದರೆ ಬೆಂಗಳೂರು ಎನ್ನುವಂತಾಗಿದ್ದರೆ ಅದಕ್ಕೆ ಆ ಮೊದಲ ಷರತ್ತೇ ಕಾರಣ.

ಮುಂದಿನ ಕೆಲವೇ ವರ್ಷಗಳಲ್ಲಿ ಕೆಲಸ ಕಾಣತೊಡಗಿತು. ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್‌ಗಳಲ್ಲಿ ಉಡುಪಿ ಬಳಿಯ ಅದಮಾರಿನವರಾದ ಯು.ಆರ್. ರಾವ್ ಮತ್ತು ಅವರ ಬಳಗ ಆರ್ಯಭಟ ಉಪಗ್ರಹವನ್ನು ಕಟ್ಟಿದರು. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಅದನ್ನು ಕಕ್ಷೆಗೆ ಒಯ್ದಿತು. ಹಳೆಯ ಎರಡು ರೂಪಾಯಿ ನೋಟಿನ ಹಿಂಬದಿಯಲ್ಲಿ ಅದರ ಚಿತ್ರವನ್ನು ನೋಡಿದವರು ಇನ್ನೂ ಬೇಕಾದಷ್ಟು ಜನ ಇದ್ದಾರೆ. ಅದೇ ವರ್ಷ ಆಗಸ್ಟ್ 1ರಿಂದ ಒಂದು ವರ್ಷ ಅಮೆರಿಕದ ಉಪಗ್ರಹವೊಂದನ್ನು ಬಳಸಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ಮುಟ್ಟಿಸಲಾಯಿತು. ಕರ್ನಾಟಕದಲ್ಲಿ ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಇದರಲ್ಲಿದ್ದವು. ಆಂಧ್ರಪ್ರದೇಶದ ಹಳ್ಳಿಗಳೂ ಇದ್ದವು. ಸಂಜೆ ಊರ ಮಂದಿಯೆಲ್ಲ ಒಂದೇ ಟಿವಿಯ ಮುಂದೆ ಕೂತು ಬೇಸಾಯ, ಆರೋಗ್ಯದ ಮಾತು ಕೇಳಿದ ಕಾಲ ಅದು.

ಆದರೆ ಒಂದು ಕೊರತೆ ಉಳಿದಿತ್ತು. ಉಪಗ್ರಹ ನಮ್ಮದಾದರೂ ಹೊತ್ತು ಒಯ್ಯುವ ಗಾಡಿ ಬೇರೆಯವರದು. ಅದನ್ನು ನೀಗಿಸಲು ಎಸ್‌ಎಲ್‌ವಿ-3 ಎಂಬ ರಾಕೆಟ್ ಕಟ್ಟುವ ಕೆಲಸ ನಡೆದಿತ್ತು. ಅದರ ಯೋಜನಾ ಮುಖ್ಯಸ್ಥರು ಎ.ಪಿ.ಜೆ. ಅಬ್ದುಲ್ ಕಲಾಂ. ಅವರ ಮೇಲೆ ತಿರುವನಂತಪುರದ ವಿಕ್ರಂ ಸಾರಾಭಾಯಿ ಬಾಹ್ಯಾಕಾಶ ಕೇಂದ್ರದ ನಿರ್ದೇಶಕ ಬ್ರಹ್ಮ ಪ್ರಕಾಶ್. ಎಲ್ಲರ ಮೇಲೆ ಧವನ್.

317 ಸೆಕೆಂಡು

ಎಸ್‌ಎಲ್‌ವಿ-3 ನಾಲ್ಕು ಹಂತಗಳ ರಾಕೆಟ್. ಎತ್ತರ ಸುಮಾರು 22 ಮೀಟರ್, ತೂಕ 17 ಟನ್. ಅಷ್ಟೆಲ್ಲ ಸೇರಿ ಒಯ್ಯಬೇಕಾದದ್ದು ಒಬ್ಬ ಹುಡುಗನ ತೂಕದಷ್ಟು, ಸುಮಾರು 40 ಕಿಲೋ ಸಾಮಾನು. ಮನುಷ್ಯರು ಯಾರೂ ಇಲ್ಲ. ಆದರೆ ಆ 40 ಕಿಲೋವನ್ನು ಗಂಟೆಗೆ ಸುಮಾರು 28 ಸಾವಿರ ಕಿಲೋಮೀಟರ್ ವೇಗಕ್ಕೆ ಮುಟ್ಟಿಸಬೇಕು. ಅದಕ್ಕಿಂತ ವೇಗ ಕಡಿಮೆಯಾದರೆ ಉಪಗ್ರಹ ಭೂಮಿಗೆ ಸುತ್ತು ಹಾಕದೆ ಕೆಳಗೆ ಬೀಳುತ್ತದೆ.

ಉಡಾವಣೆಗೆ ಗೊತ್ತು ಮಾಡಿದ ದಿನ 1979ರ ಆಗಸ್ಟ್ 10. ಆ ಬೇಸಿಗೆ ಮತ್ತು ಮಳೆಗಾಲ ದೇಶಕ್ಕೆ ನೆಮ್ಮದಿ ಕೊಟ್ಟಿರಲಿಲ್ಲ. ಮಳೆ ಕೈಕೊಟ್ಟು ಬರ ಬಿದ್ದಿತ್ತು. ದೆಹಲಿಯಲ್ಲಿ ಮೊರಾರ್ಜಿ ದೇಸಾಯಿ ಸರ್ಕಾರ ಬಿದ್ದು ಚರಣ್ ಸಿಂಗ್ ಆಗತಾನೆ ಪ್ರಧಾನಿಯಾಗಿದ್ದರು. ಅದಕ್ಕೂ ಒಂದು ತಿಂಗಳ ಹಿಂದೆ ಅಮೆರಿಕದ ಸ್ಕೈಲ್ಯಾಬ್ ಆಕಾಶದಿಂದ ಬೀಳುತ್ತದೆಂಬ ಸುದ್ದಿ ಹಳ್ಳಿ ಹಳ್ಳಿಗೂ ಹಬ್ಬಿತ್ತು. ನಮ್ಮ ತಲೆ ಮೇಲೇ ಬೀಳುತ್ತದೆ ಎಂದು ಹೆದರಿ, ಇದ್ದ ಕೋಳಿ, ಕುರಿ ಕೊಯ್ದು ಉಂಡವರ ಕಥೆಗಳು ಗಡಿ ಸೀಮೆಯಲ್ಲಿ ಈಗಲೂ ನಗೆಯ ಮಾತಾಗಿ ಉಳಿದಿವೆ. ಜುಲೈ ತಿಂಗಳಲ್ಲಿ ಅದು ಹಿಂದೂ ಮಹಾಸಾಗರಕ್ಕೂ ಆಸ್ಟ್ರೇಲಿಯಾದ ಪಶ್ಚಿಮ ಭಾಗಕ್ಕೂ ಚೂರು ಚೂರಾಗಿ ಬಿತ್ತು. ಆಕಾಶಕ್ಕೆ ಕಳಿಸಿದ್ದು ತಲೆ ಮೇಲೆ ಬೀಳುತ್ತದೆ ಎಂಬ ದಿಗಿಲು ಜನರ ಮನಸ್ಸಿನಿಂದ ಪೂರ್ತಿ ಹೋಗಿರಲಿಲ್ಲ.

ಆಗಸ್ಟ್ 10ರ ಬೆಳಿಗ್ಗೆ 7 ಗಂಟೆ 58 ನಿಮಿಷಕ್ಕೆ ಎಸ್‌ಎಲ್‌ವಿ-3 ಮೇಲೆದ್ದಿತು. ಮೊದಲ ಹಂತ ಸರಿಯಾಗಿ ಉರಿಯಿತು. ಎರಡನೇ ಹಂತದಲ್ಲಿ ರಾಕೆಟ್ ಹಿಡಿತ ತಪ್ಪಿತು. 317 ಸೆಕೆಂಡಿನಲ್ಲಿ ಎಲ್ಲ ಮುಗಿಯಿತು. ಶ್ರೀಹರಿಕೋಟಾದಿಂದ ಸುಮಾರು 560 ಕಿಲೋಮೀಟರ್ ದೂರದಲ್ಲಿ ಅವಶೇಷಗಳು ಸಮುದ್ರಕ್ಕೆ ಬಿದ್ದವು. ಹಲವು ವರ್ಷಗಳ ದುಡಿಮೆ ಐದು ನಿಮಿಷ ಚಿಲ್ಲರೆಯಲ್ಲಿ ನೀರುಪಾಲಾಯಿತು.

ಜನರ ಮುಂದೆ

ಸುದ್ದಿ ಹರಡಲು ತಡವಾಗಲಿಲ್ಲ. ಪತ್ರಿಕೆಗಳಲ್ಲಿ ಕಟುವಾದ ಟೀಕೆ ಬಂತು. ಕೋಟಿಗಟ್ಟಲೆ ರೂಪಾಯಿ ಬಂಗಾಳ ಕೊಲ್ಲಿಗೆ ಸುರಿದಂತಾಯಿತು ಎಂದರು. ಎಸ್‌ಎಲ್‌ವಿ ಎಂಬ ಅಕ್ಷರಗಳನ್ನೇ ಹಿಡಿದು, ಇದು ಆಕಾಶದ ವಾಹನವಲ್ಲ, ಸಮುದ್ರದ ವಾಹನ ಎಂದು ನಗೆಯಾಡಿದವರೂ ಇದ್ದರು. ಕುಡಿಯುವ ನೀರಿಲ್ಲದ ಊರುಗಳಿರುವ ದೇಶಕ್ಕೆ ರಾಕೆಟ್ ಯಾಕೆ ಎಂಬ ಪ್ರಶ್ನೆ ಮತ್ತೆ ಎದ್ದಿತು.

ಆ ಪ್ರಶ್ನೆ ತಪ್ಪೇನಲ್ಲ. ಬರಗಾಲದ ವರ್ಷದಲ್ಲಿ ಸರ್ಕಾರದ ಹಣ ಎಲ್ಲಿ ಹೋಯಿತು ಎಂದು ಕೇಳುವುದು ಜನರ ಹಕ್ಕು. ಧವನ್ ಮಾಡಿದ ದೊಡ್ಡ ಕೆಲಸವೆಂದರೆ ಆ ಹಕ್ಕನ್ನು ಗೌರವಿಸಿದ್ದು.

ಅವತ್ತು ನಡೆದ ಪತ್ರಿಕಾಗೋಷ್ಠಿಯ ವಿಷಯವನ್ನು ಕಲಾಂ ಮುಂದೆ ರಾಷ್ಟ್ರಪತಿಯಾದ ಮೇಲೂ ಊರೂರಿನ ಸಭೆಗಳಲ್ಲಿ, ಶಾಲೆಗಳಲ್ಲಿ ಹೇಳುತ್ತಿದ್ದರು. ಅವರು ಹೇಳಿದ ಪ್ರಕಾರ, ಉಡಾವಣೆಗೆ ಮುಂಚೆ ಕಂಪ್ಯೂಟರ್ ಎಚ್ಚರಿಕೆ ಕೊಟ್ಟು ಕೆಲಸ ತಡೆದಿತ್ತು. ತಜ್ಞರೊಡನೆ ಮಾತಾಡಿ, ತೊಂದರೆಯಾಗದು ಎಂಬ ಭರವಸೆಯ ಮೇಲೆ ಕಲಾಂ ಅದನ್ನು ದಾಟಿ ಮುಂದುವರಿಯಲು ನಿರ್ಧರಿಸಿದರು. ಅಂದರೆ ಬೆರಳು ತೋರಿಸಲು ಒಬ್ಬ ಮನುಷ್ಯ ಸಿದ್ಧವಾಗಿಯೇ ಸಿಕ್ಕಿದ್ದ. ತನಿಖೆ ಮುಗಿಯುವವರೆಗೆ ಮಾತಾಡುವುದಿಲ್ಲ ಎಂದು ಬಾಗಿಲು ಹಾಕಿಕೊಳ್ಳುವ ದಾರಿಯೂ ಇತ್ತು. ಕೆಳಗಿನ ಅಧಿಕಾರಿಯನ್ನು ಮುಂದೆ ತಳ್ಳುವ ದಾರಿಯಂತೂ ಎಲ್ಲ ಕಚೇರಿಗಳಲ್ಲೂ ಇದ್ದದ್ದೇ.

ಧವನ್ ಎರಡೂ ದಾರಿ ಹಿಡಿಯಲಿಲ್ಲ. ಕಲಾಂ ಅವರನ್ನು ಜೊತೆಗೆ ಕರೆದುಕೊಂಡು ಹೋಗಿ, ಮಾತಾಡುವ ಹೊಣೆಯನ್ನು ತಾವೇ ವಹಿಸಿಕೊಂಡರು. ಉಡಾವಣೆ ವಿಫಲವಾಗಿದೆ ಎಂದು ನೇರವಾಗಿ ಒಪ್ಪಿಕೊಂಡರು. ತಮ್ಮ ಹುಡುಗರ ಮೇಲೆ ನಂಬಿಕೆ ಇದೆ, ಒಂದು ವರ್ಷದೊಳಗೆ ಇದೇ ತಂಡ ಗೆದ್ದು ತೋರಿಸುತ್ತದೆ ಎಂದು ಭರವಸೆ ಕೊಟ್ಟರು. ವರದಿಗಾರರ ಖಾರದ ಪ್ರಶ್ನೆಗಳೆಲ್ಲ ಅವರ ಮೇಲೇ ಬಂದವು. ತಂಡದವರ ಹೆಸರು ಹಿಡಿದು ಯಾರನ್ನೂ ದೂರಲಿಲ್ಲ.

ಒಂದು ವರ್ಷ ಎಂದು ಗಡುವು ಹೇಳುವುದು ಸಣ್ಣ ಮಾತಲ್ಲ. ಎರಡನೇ ಸಲವೂ ಸೋತಿದ್ದರೆ ಆ ಮಾತೇ ಅವರ ಕುತ್ತಿಗೆಗೆ ಉರುಳಾಗುತ್ತಿತ್ತು. ಕಾರ್ಯಕ್ರಮವೂ ನಿಂತುಹೋಗುವ ಅಪಾಯವಿತ್ತು.

ಸಮುದ್ರಕ್ಕೆ ಬಿತ್ತು ಎಂದು ನಕ್ಕವರಿಗೆ ತಿಳಿಯದ ಒಂದು ಸಂಗತಿಯೂ ಇದೆ. ರಾಕೆಟ್ ನೆಲೆಯನ್ನು ಕಡಲ ದಂಡೆಯಲ್ಲಿ ಕಟ್ಟುವುದೇ ಅದಕ್ಕಾಗಿ. ಉರಿದು ಮುಗಿದ ಹಂತಗಳು, ಕೆಟ್ಟ ರಾಕೆಟ್‌ಗಳು ಊರ ಮೇಲೆ ಬೀಳದೆ ನೀರಿಗೆ ಬೀಳಲಿ ಎಂದು. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುವುದರಿಂದ ಪೂರ್ವಕ್ಕೆ ಹಾರಿಸಿದರೆ ಒಂದಿಷ್ಟು ವೇಗ ಪುಕ್ಕಟೆ ಸಿಗುತ್ತದೆ. ಹಾಗಾಗಿ ಪೂರ್ವ ಕರಾವಳಿಯ ಶ್ರೀಹರಿಕೋಟಾ ದ್ವೀಪವನ್ನು ಆರಿಸಲಾಯಿತು. ಆಗ ನೆಲ್ಲೂರು ಜಿಲ್ಲೆಯಲ್ಲಿದ್ದ ಆ ದ್ವೀಪ 2022ರಿಂದ ತಿರುಪತಿ ಜಿಲ್ಲೆಗೆ ಸೇರಿದೆ. ಆಗಸ್ಟ್ 10ರಂದು ಯಾರ ಜೀವಕ್ಕೂ ಹಾನಿಯಾಗಲಿಲ್ಲ. ಸೋಲನ್ನೂ ಲೆಕ್ಕ ಹಾಕಿಯೇ ಆ ಜಾಗ ಆರಿಸಿದ್ದರು.

ತಪ್ಪು ಎಲ್ಲಿ

ಮರುದಿನದಿಂದಲೇ ಪರಿಶೀಲನೆ ಶುರುವಾಯಿತು. ಎಲ್ಲರನ್ನೂ ಕೂರಿಸಿ ರಾಕೆಟ್ ಕಳಿಸಿದ ಮಾಹಿತಿಯನ್ನು ಒಂದೊಂದಾಗಿ ಬಿಡಿಸಿ ನೋಡಿದರು. ಎರಡನೇ ಹಂತವನ್ನು ದಾರಿ ತಪ್ಪದಂತೆ ಹಿಡಿಯುವ ವ್ಯವಸ್ಥೆಯಲ್ಲಿ ನೈಟ್ರಿಕ್ ಆಮ್ಲ ಬಳಸುತ್ತಿದ್ದರು. ಅದನ್ನು ಬಿಡುವ, ತಡೆಯುವ ಒಂದು ವಾಲ್ವ್‌ನಲ್ಲಿ ಕಸ ಸಿಕ್ಕಿಕೊಂಡು ಅದು ಪೂರ್ತಿ ಮುಚ್ಚಿಕೊಂಡಿರಲಿಲ್ಲ. ರಾಕೆಟ್ ನೆಲದ ಮೇಲೆ ನಿಂತಿರುವಾಗಲೇ ಆಮ್ಲ ಸೋರಿಹೋಗಿತ್ತು. ಬೇಕಾದ ಹೊತ್ತಿಗೆ ಹಿಡಿತಕ್ಕೆ ಏನೂ ಉಳಿದಿರಲಿಲ್ಲ. ಪಂಪ್‌ಸೆಟ್ಟಿನ ವಾಲ್ವ್‌ನಲ್ಲಿ ಕಸ ಕೂತು ರಾತ್ರಿಯೆಲ್ಲ ನೀರು ಇಳಿದುಹೋದ ಅನುಭವ ಇರುವ ರೈತರಿಗೆ ಈ ತೊಂದರೆ ಹೊಸದಲ್ಲ. 17 ಟನ್ನಿನ ರಾಕೆಟ್ಟನ್ನು ಕೆಡವಿದ್ದು ಒಂದಿಷ್ಟು ಕಸ.

ಪರಿಶೀಲನಾ ಸಭೆಯಲ್ಲಿ ಕಲಾಂ ಹೊಣೆ ತಮ್ಮದೆಂದು ಎದ್ದು ನಿಂತು ಒಪ್ಪಿಕೊಂಡರು. ಅವರನ್ನು ಯೋಜನೆಯಿಂದ ತೆಗೆಯಲಿಲ್ಲ. ಬ್ರಹ್ಮ ಪ್ರಕಾಶ್ ಅವರ ಬೆನ್ನಿಗೆ ನಿಂತರು, ಧವನ್ ಅದೇ ತಂಡಕ್ಕೆ ಎರಡನೇ ರಾಕೆಟ್ ಒಪ್ಪಿಸಿದರು. ತಪ್ಪು ಒಪ್ಪಿಕೊಂಡವರಿಗೆ ಶಿಕ್ಷೆಯಾದರೆ ಮುಂದೆ ಯಾರೂ ತಪ್ಪು ಹೇಳಿಕೊಳ್ಳುವುದಿಲ್ಲ. ತಪ್ಪು ಹೊರಬಾರದಿದ್ದರೆ ವಾಲ್ವ್‌ನ ಕಸ ಮುಂದಿನ ಸಲವೂ ಅಲ್ಲೇ ಇರುತ್ತದೆ.

ಗೆದ್ದ ದಿನ

1980ರ ಜುಲೈ 18ರ ಬೆಳಿಗ್ಗೆ 8 ಗಂಟೆ 3 ನಿಮಿಷಕ್ಕೆ ಎರಡನೇ ಎಸ್‌ಎಲ್‌ವಿ-3 ಹಾರಿತು. ನಾಲ್ಕೂ ಹಂತ ಸರಿಯಾಗಿ ಉರಿದವು. 35 ಕಿಲೋ ತೂಕದ ರೋಹಿಣಿ ಉಪಗ್ರಹ ಕಕ್ಷೆ ಸೇರಿತು. ಸ್ವಂತ ರಾಕೆಟ್ಟಿನಲ್ಲಿ ಸ್ವಂತ ಉಪಗ್ರಹ ಹಾರಿಸಿದ ಬೆರಳೆಣಿಕೆಯ ದೇಶಗಳ ಸಾಲಿಗೆ ಭಾರತ ಸೇರಿತು. ಕೊಟ್ಟ ಗಡುವು ಮುಗಿಯಲು ಇನ್ನೂ ಮೂರು ವಾರ ಇತ್ತು.

ಆ ದಿನವೂ ಪತ್ರಿಕಾಗೋಷ್ಠಿ ನಡೆಯಿತು. ಅವತ್ತು ಧವನ್ ಮಾತಾಡಲಿಲ್ಲ. ಕಲಾಂ ಅವರನ್ನು ಮುಂದೆ ಕಳಿಸಿ ತಾವು ಹಿಂದೆ ಸರಿದರು. ದೇಶಕ್ಕೆಲ್ಲ ಗೊತ್ತಾದದ್ದು ಕಲಾಂ ಹೆಸರು. ಸೋಲು ಬಂದಾಗ ನಾಯಕ ಅದನ್ನು ತನ್ನ ಮೇಲೆ ಹಾಕಿಕೊಳ್ಳುತ್ತಾನೆ, ಗೆಲುವು ಬಂದಾಗ ತಂಡಕ್ಕೆ ಕೊಡುತ್ತಾನೆ ಎಂಬ ಪಾಠ ತಮಗೆ ಯಾವ ಪುಸ್ತಕದಿಂದಲೂ ಬಂದದ್ದಲ್ಲ, ಧವನ್ ಅವರಿಂದ ಬಂದದ್ದು ಎಂದು ಕಲಾಂ ಕೊನೆಯವರೆಗೂ ನೆನೆಯುತ್ತಿದ್ದರು.

ಒಂದು ಗೆಲುವಿನಿಂದ ಎಲ್ಲ ಸಲೀಸಾಗಲಿಲ್ಲ. 1981ರ ಮೇ 31ರ ಉಡಾವಣೆಯಲ್ಲಿ ಉಪಗ್ರಹ ಬೇಕಾದ ಎತ್ತರ ಮುಟ್ಟದೆ ಕೆಲವೇ ದಿನಗಳಲ್ಲಿ ಕೆಳಗಿಳಿದು ಸುಟ್ಟುಹೋಯಿತು. 1982ರಲ್ಲಿ ಅಮೆರಿಕದಿಂದ ಹಾರಿಸಿದ ಇನ್‌ಸ್ಯಾಟ್-1ಎ ಕೆಲವು ತಿಂಗಳಲ್ಲೇ ಕೆಟ್ಟಿತು. 1983ರ ಏಪ್ರಿಲ್ 17ರಂದು ಎಸ್‌ಎಲ್‌ವಿ-3 ಮತ್ತೆ ಗೆದ್ದಿತು. ಅದೇ ವರ್ಷ ಆಗಸ್ಟಿನಲ್ಲಿ ಹಾರಿದ ಇನ್‌ಸ್ಯಾಟ್-1ಬಿ ದೇಶದ ಮೂಲೆ ಮೂಲೆಗೂ ಟಿವಿ, ದೂರವಾಣಿ, ಹವಾಮಾನದ ಚಿತ್ರಗಳನ್ನು ಮುಟ್ಟಿಸಿತು. ತಿರುವನಂತಪುರ, ಚೆನ್ನೈ, ಬೆಂಗಳೂರು ಎನ್ನದೆ ಎಲ್ಲ ಭಾಷೆಯ ಮನೆಗಳಿಗೂ ಅದರ ಫಲ ಬಂತು.

ಹಕ್ಕಿ ನೋಡುವ ಮೇಷ್ಟ್ರು

1984ರಲ್ಲಿ ಧವನ್ ಇಸ್ರೋ ಅಧ್ಯಕ್ಷ ಸ್ಥಾನ ಬಿಟ್ಟರು. ಯು.ಆರ್. ರಾವ್ ಆ ಜಾಗಕ್ಕೆ ಬಂದರು. ಧವನ್ ಬಾಹ್ಯಾಕಾಶ ಆಯೋಗದ ಸದಸ್ಯರಾಗಿ ಸಲಹೆ ಕೊಡುತ್ತ ಉಳಿದರು. ಮುಂದಿನ ರಾಕೆಟ್ ಎಎಸ್‌ಎಲ್‌ವಿ 1987ರ ಮಾರ್ಚಿನಲ್ಲಿ ಒಮ್ಮೆ, 1988ರ ಜುಲೈನಲ್ಲಿ ಇನ್ನೊಮ್ಮೆ ಸೋತು ಸಮುದ್ರ ಸೇರಿತು. ಹಳೆಯ ಗೇಲಿಗಳೆಲ್ಲ ಮರಳಿ ಬಂದವು. 1993ರ ಸೆಪ್ಟೆಂಬರ್ 20ರಂದು ಪಿಎಸ್‌ಎಲ್‌ವಿಯ ಮೊದಲ ಹಾರಾಟವೂ ಸೋತಿತು. ಪ್ರತಿ ಸಲವೂ ಕಾರಣ ಹುಡುಕಿ, ತಿದ್ದಿ, ಮತ್ತೆ ಹಾರಿಸುವ ರೂಢಿ ಮುಂದುವರಿಯಿತು. 1994ರ ಅಕ್ಟೋಬರಿನಲ್ಲಿ ಪಿಎಸ್‌ಎಲ್‌ವಿ ಗೆದ್ದಿತು. 2008ರಲ್ಲಿ ಚಂದ್ರಯಾನವನ್ನು ಹೊತ್ತೊಯ್ದದ್ದು ಅದೇ ಬಗೆಯ ರಾಕೆಟ್.

ಧವನ್ ಅವರ ಇನ್ನೊಂದು ಮುಖ ಕಡಿಮೆ ಜನರಿಗೆ ಗೊತ್ತು. ಅವರು ಹಕ್ಕಿಗಳ ಮೋಹಿ. ಶ್ರೀಹರಿಕೋಟಾದ ಪಕ್ಕದಲ್ಲೇ ಇರುವ ಪುಲಿಕಾಟ್ ಸರೋವರಕ್ಕೆ ಚಳಿಗಾಲದಲ್ಲಿ ದೂರದೂರದ ಹಕ್ಕಿಗಳು ಬರುತ್ತವೆ. ಅವು ರೆಕ್ಕೆ ಬಿಚ್ಚಿ ಏರುವುದು, ತೇಲುವುದು, ಇಳಿಯುವುದನ್ನು ವಿಮಾನ ವಿಜ್ಞಾನಿಯ ಕಣ್ಣಿನಿಂದ ನೋಡಿ ಹಕ್ಕಿಗಳ ಹಾರಾಟದ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ದ್ವೀಪದ ಕಾಡು ಉಳಿಯಬೇಕು, ಅಲ್ಲಿನ ಮೂಲ ನಿವಾಸಿಗಳಾದ ಯಾನಾದಿಗಳ ಬದುಕು ಕೆಡಬಾರದು ಎಂಬ ಕಾಳಜಿಯೂ ಅವರಿಗಿತ್ತು.

1971ರಲ್ಲಿ ಪದ್ಮಭೂಷಣ, 1981ರಲ್ಲಿ ಪದ್ಮವಿಭೂಷಣ ಬಂದವು. 2002ರ ಜನವರಿ 3ರಂದು ಬೆಂಗಳೂರಿನಲ್ಲಿ ಅವರು ತೀರಿಕೊಂಡರು. ವಯಸ್ಸು 81. ಅದೇ ವರ್ಷ ಶ್ರೀಹರಿಕೋಟಾದ ಕೇಂದ್ರಕ್ಕೆ ಅವರ ಹೆಸರಿಟ್ಟರು.

ಇಂದಿಗೆ ಉಳಿದದ್ದು

2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ಲ್ಯಾಂಡರ್ ಚಂದ್ರನ ಮೇಲೆ ಬಿದ್ದು ಒಡೆದಾಗ ದೇಶದ ಜನ ವಿಜ್ಞಾನಿಗಳನ್ನು ಗೇಲಿ ಮಾಡಲಿಲ್ಲ, ಸಮಾಧಾನ ಹೇಳಿದರು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಸುರಕ್ಷಿತವಾಗಿ ಇಳಿದಾಗ ಶಾಲೆ, ಪಂಚಾಯಿತಿ, ಚಹಾ ಅಂಗಡಿಗಳಲ್ಲಿ ಜನ ಕೂತು ನೋಡಿದರು. 1979ಕ್ಕೂ 2019ಕ್ಕೂ ನಡುವೆ ಜನರ ಮನಸ್ಸು ಇಷ್ಟು ಬದಲಾಗಲು ಗೆಲುವುಗಳು ಕಾರಣ ನಿಜ. ಅದರ ಜೊತೆಗೆ, ಸೋತಾಗ ಸೋತೆವು ಎಂದು ಹೇಳಿದ ಮಾತೂ ಕಾರಣ.

ರಾಕೆಟ್‌ಗಳು ಮುಂದೆಯೂ ಸೋಲುತ್ತವೆ. 2025ರ ಮೇ 18ರಂದು ಪಿಎಸ್‌ಎಲ್‌ವಿಯೂ ಒಂದು ಉಪಗ್ರಹವನ್ನು ಕಳೆದುಕೊಂಡಿತು. ಅಂಥ ದಿನಗಳಲ್ಲಿ ಜನ ಕೇಳುವುದು ಎರಡೇ ಪ್ರಶ್ನೆ: ಏನು ತಪ್ಪಾಯಿತು, ಹೊಣೆ ಯಾರದು? ಧವನ್ ಎರಡಕ್ಕೂ ಉತ್ತರ ಕೊಟ್ಟರು. ಮೊದಲನೆಯದಕ್ಕೆ ತನಿಖೆ ಮಾಡಿಸಿ, ಎರಡನೆಯದಕ್ಕೆ ತಾವೇ ಎದ್ದು ನಿಂತು. ಗ್ರಾಮ ಪಂಚಾಯಿತಿಯಿಂದ ಹಿಡಿದು ದೆಹಲಿಯವರೆಗೆ ಜನರ ಹಣ ಖರ್ಚು ಮಾಡುವ ಯಾರಿಗಾದರೂ ಆ ನಡತೆ ಮಾದರಿಯಾಗಬಲ್ಲದು.